ಕಂದಾಯ ಯಾಕೆ ಏರುತ್ತಿದೆ, ಲೆಕ್ಕ ಯಾಕೆ ಸಿಗುತ್ತಿಲ್ಲ?

ಏಪ್ರಿಲ್ ಬಂತೆಂದರೆ ದಾವಣಗೆರೆಯಲ್ಲಿ ಮನೆ ಕಂದಾಯ ಕಟ್ಟುವ ಗಡಿಬಿಡಿ. ತಿಂಗಳ ಕೊನೆಯೊಳಗೆ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಹಾಗಾಗಿ ಪಾಲಿಕೆ ಕೌಂಟರ್ ಮುಂದೆ ಸಾಲು ಬೆಳೆಯುತ್ತದೆ. ಆ ಸಾಲಿನಲ್ಲಿ ಕೇಳಿಬರುವ ಮಾತು ಪ್ರತಿ ವರ್ಷ ಒಂದೇ: "ಹೋದ ವರ್ಷಕ್ಕಿಂತ ಜಾಸ್ತಿ ಬಂದಿದೆಯಲ್ಲ, ನಮ್ಮ ಓಣಿ ಚರಂಡಿ ಮಾತ್ರ ಹಂಗೇ ಇದೆ." ಚಿತ್ರದುರ್ಗದ ನಗರಸಭೆ ಮುಂದೆ ನಿಂತವರದ್ದೂ ಇದೇ ಮಾತು.

ಈ ಸಿಟ್ಟು ನ್ಯಾಯವಾದದ್ದು. ಆದರೆ ಅದರಲ್ಲಿ ಐದಾರು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಮನೆ ಕಂದಾಯ, ಡೀಸೆಲ್ ರೇಟು, ಹಾಲಿನ ಬೆಲೆ, ಕರೆಂಟ್ ಬಿಲ್, ಸೈಟಿನ ರಿಜಿಸ್ಟ್ರೇಷನ್ ಖರ್ಚು, ನಿಗಮದ ಹಗರಣ ಎಲ್ಲಕ್ಕೂ ನಾವು ಬೈಯುವುದು ಒಬ್ಬರನ್ನೇ, ಸರ್ಕಾರವನ್ನು. ಹೀಗೆ ಒಟ್ಟಾಗಿ ಬೈದರೆ ಯಾವ ಅಧಿಕಾರಿಯೂ ಉತ್ತರ ಕೊಡಬೇಕಾಗಿ ಬರುವುದಿಲ್ಲ. ಯಾವ ರೂಪಾಯಿ ಯಾರ ಕೈಗೆ ಹೋಯಿತು ಅಂತ ಗೊತ್ತಿದ್ದರೆ ಮಾತ್ರ ಸರಿಯಾದ ಬಾಗಿಲು ತಟ್ಟಬಹುದು.

ಮೊದಲು ಮನೆ ಕಂದಾಯವನ್ನೇ ನೋಡೋಣ. ಇದು ವಿಧಾನಸೌಧಕ್ಕೆ ಹೋಗುವ ದುಡ್ಡಲ್ಲ. ದಾವಣಗೆರೆಯಲ್ಲಿ ಮಹಾನಗರ ಪಾಲಿಕೆಗೆ, ಚಿತ್ರದುರ್ಗದಲ್ಲಿ ನಗರಸಭೆಗೆ ಸೇರುತ್ತದೆ. ದರ ಹೇಗಿರಬೇಕು ಅನ್ನುವ ಚೌಕಟ್ಟನ್ನು ಮಾತ್ರ ರಾಜ್ಯದ ಕಾಯ್ದೆ ಹಾಕಿಕೊಟ್ಟಿದೆ. ಪಾಲಿಕೆಗಳಿಗೆ 1976ರ ಕಾಯ್ದೆ, ನಗರಸಭೆ ಪುರಸಭೆಗಳಿಗೆ 1964ರ ಕಾಯ್ದೆ.

ರಸೀದಿ ಕೈಗೆ ತೆಗೆದುಕೊಂಡು ಓದಿ. ತೆರಿಗೆಯ ಸಾಲಿನ ಕೆಳಗೆ ಇನ್ನೂ ಕೆಲವು ಸಾಲುಗಳಿರುತ್ತವೆ. ಅವು ಉಪಕರ, ಅಂದರೆ ಸೆಸ್. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ನಿಮ್ಮ ಮೂಲ ತೆರಿಗೆ 4,000 ರೂಪಾಯಿ ಅಂತಿಟ್ಟುಕೊಳ್ಳಿ. ಆರೋಗ್ಯಕ್ಕೆ 600, ಗ್ರಂಥಾಲಯಕ್ಕೆ 240, ಭಿಕ್ಷುಕರ ಪುನರ್ವಸತಿಗೆ 120. ಈ ಮೂರರಲ್ಲೇ 960 ರೂಪಾಯಿ ಆಯಿತು. ಕಸ ವಿಲೇವಾರಿ ಶುಲ್ಕ ಬೇರೆ. ಎಷ್ಟೋ ಜನ ತೆರಿಗೆ ಏರಿತು ಅಂದುಕೊಳ್ಳುವುದರಲ್ಲಿ ಈ ಸೆಸ್ ಕೂಡ ಸೇರಿರುತ್ತದೆ. ತೆರಿಗೆ ಏರಿದಷ್ಟೂ ಸೆಸ್ ಕೂಡ ಜೊತೆಗೇ ಏರುತ್ತದೆ.

ಸೆಸ್ ವಿಷಯದಲ್ಲಿ ಒಂದು ಮಾತು ಗಮನಿಸಲೇಬೇಕು. ಗ್ರಂಥಾಲಯ ಕರ 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಪಾಲಿಕೆ ಇದನ್ನು ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಕೊಡಬೇಕು. ತಾನು ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ಬೆಂಗಳೂರಿನ ಪಾಲಿಕೆಯೇ ನೂರಾರು ಕೋಟಿ ಬಾಕಿ ಉಳಿಸಿಕೊಂಡಿದ್ದು ಹಲವು ಸಲ ಸುದ್ದಿಯಾಗಿದೆ. ಜನರಿಂದ ಪುಸ್ತಕದ ಹೆಸರಲ್ಲಿ ತೆಗೆದುಕೊಂಡ ದುಡ್ಡು ಅದು. ನಮ್ಮೂರಿನ ಲೈಬ್ರರಿಯಲ್ಲಿ ಹೊಸ ಪುಸ್ತಕ ಯಾಕಿಲ್ಲ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಕೂರಲು ಕುರ್ಚಿ ಯಾಕಿಲ್ಲ ಅಂತ ಕೇಳುವವರು ಮೊದಲು ಕೇಳಬೇಕಾದದ್ದು ಇದನ್ನೇ: ವಸೂಲಾದ ಗ್ರಂಥಾಲಯ ಕರ ಎಷ್ಟು, ಅದರಲ್ಲಿ ತಲುಪಿಸಿದ್ದೆಷ್ಟು?

ಇನ್ನು ತೆರಿಗೆ ಯಾಕೆ ಏರುತ್ತದೆ ಅನ್ನುವ ಪ್ರಶ್ನೆ. ಮೊದಲೆಲ್ಲ ಮೂರು ವರ್ಷಕ್ಕೊಮ್ಮೆ ಶೇ 15 ಏರಿಸುವ ಪದ್ಧತಿ ಇತ್ತು. ಕೊರೋನಾ ಕಾಲದಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಈಗ ತೆರಿಗೆ ನಿಂತಿರುವುದು ಮಾರ್ಗಸೂಚಿ ದರದ ಮೇಲೆ, ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸೈಟಿಗೆ ಕಟ್ಟುವ ಗೈಡೆನ್ಸ್ ವ್ಯಾಲ್ಯೂ ಮೇಲೆ. ಅದರ ಜೊತೆಗೆ ವರ್ಷಕ್ಕೆ ಶೇ 3ರಿಂದ 5ರಷ್ಟು ಏರಿಸುವ ದಾರಿಯೂ ಕಾಯ್ದೆಯಲ್ಲಿದೆ. ಕೇಳಲು ಸಣ್ಣ ಅಂಕಿ. ಆದರೆ ಚಕ್ರಬಡ್ಡಿಯ ಲೆಕ್ಕ ಹಾಕಿ ನೋಡಿ. 4,000 ರೂಪಾಯಿ ತೆರಿಗೆ ಶೇ 3ರಂತೆ ಏರಿದರೆ 10 ವರ್ಷಕ್ಕೆ ಸುಮಾರು 5,375 ಆಗುತ್ತದೆ. ಶೇ 5ರಂತೆ ಏರಿದರೆ 6,500 ದಾಟುತ್ತದೆ. ನಡುವೆ ಮಾರ್ಗಸೂಚಿ ದರ ಪರಿಷ್ಕರಣೆಯಾದರೆ ತೆರಿಗೆಯ ಬುಡವೇ ಮೇಲೇರುತ್ತದೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ದರ ಏರಿದ್ದು ನೆನಪಿರಬಹುದು.

ಈ ತಿದ್ದುಪಡಿ ಸುಮ್ನೆ ಬಂದದ್ದಲ್ಲ. 2020ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೆಚ್ಚುವರಿ ಸಾಲ ಎತ್ತಲು ಅವಕಾಶ ಕೊಟ್ಟಾಗ ಕೆಲವು ಷರತ್ತು ಹಾಕಿತು. ಆಸ್ತಿ ತೆರಿಗೆಯನ್ನು ಮಾರ್ಗಸೂಚಿ ದರಕ್ಕೆ ಜೋಡಿಸಬೇಕು ಅನ್ನುವುದು ಅದರಲ್ಲಿ ಒಂದು. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಪಾಲು ಅಂತ ಹೇಳುವ 15ನೇ ಹಣಕಾಸು ಆಯೋಗ ಕೂಡ ನಗರಗಳಿಗೆ ಅನುದಾನ ಬೇಕಾದರೆ ಆಸ್ತಿ ತೆರಿಗೆ ವಸೂಲಿ ವರ್ಷವರ್ಷ ಏರಬೇಕು ಅಂದಿತು. ಹಾಗಾಗಿ ಕಾಯ್ದೆ ಬದಲಾದದ್ದು ಒಂದು ಪಕ್ಷದ ಕಾಲದಲ್ಲಿ, ಮಾರ್ಗಸೂಚಿ ದರ ಏರಿದ್ದು ಇನ್ನೊಂದು ಪಕ್ಷದ ಕಾಲದಲ್ಲಿ, ಷರತ್ತು ಬಂದದ್ದು ದೆಹಲಿಯಿಂದ. ಚುನಾವಣೆ ಭಾಷಣದಲ್ಲಿ ಇದರಲ್ಲಿ ಒಂದು ತುಂಡು ಮಾತ್ರ ಕೇಳಿಸುತ್ತದೆ.

ಊರ ಸುತ್ತ ರೆವಿನ್ಯೂ ಸೈಟು, ಅಂದರೆ ಅನುಮೋದನೆ ಇಲ್ಲದ ಬಡಾವಣೆಯ ಸೈಟು, ಕೊಂಡವರ ಕಥೆ ಇನ್ನೂ ಕಷ್ಟದ್ದು. ಇ-ಖಾತೆ, ಅಂದರೆ ಕಂಪ್ಯೂಟರಿನಲ್ಲಿ ದಾಖಲಾದ ಆಸ್ತಿ ಖಾತೆ, ಇಲ್ಲದೆ ರಿಜಿಸ್ಟ್ರೇಷನ್ ಇಲ್ಲ ಎಂದಾದ ಮೇಲೆ ಅಂಥ ಸೈಟು ಮಾರಲೂ ಆಗದೆ, ಸಾಲ ತೆಗೆಯಲೂ ಆಗದೆ ಜನ ಸಿಕ್ಕಿಕೊಂಡರು. 2025ರ ಫೆಬ್ರವರಿಯಲ್ಲಿ ಇಂಥ ಆಸ್ತಿಗಳಿಗೆ ಬಿ-ಖಾತೆ ಅನ್ನುವ ಪ್ರತ್ಯೇಕ ದಾಖಲೆ ಕೊಡುವ ಅಭಿಯಾನ ಶುರುವಾಯಿತು. ಮೊದಲ ವರ್ಷ ಎರಡು ಪಟ್ಟು ತೆರಿಗೆ, ಆಮೇಲೆ ಮಾಮೂಲಿ ದರ. ಬಿ-ಖಾತೆ ಸಿಕ್ಕಿದ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ. ಲೇಔಟ್ ಅನುಮೋದನೆ ಇಲ್ಲ ಅಂತ ಗೊತ್ತಿದ್ದೂ ಸೈಟು ಮಾರಿದವರು ಹಣ ಎಣಿಸಿಕೊಂಡು ಹೋದರು. ಎರಡು ಪಟ್ಟು ಕಟ್ಟುವ ಪಾಳಿ ಬಂದದ್ದು ಕೊಂಡವರಿಗೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ದೊಡ್ಡ ಅನ್ಯಾಯ ಇದೇ.

ಈಗ ರಾಜ್ಯ ಸರ್ಕಾರದ ತೆರಿಗೆಗೆ ಬರೋಣ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಬಟ್ಟೆ, ಸಿಮೆಂಟು, ಸೋಪಿನ ಮೇಲಿನ ದರವನ್ನು ರಾಜ್ಯ ಒಂದೇ ಕೂತು ಏರಿಸಲೂ ಆಗದು, ಇಳಿಸಲೂ ಆಗದು. ಅದು ಜಿಎಸ್‌ಟಿ ಮಂಡಳಿಯ ಕೆಲಸ. ರಾಜ್ಯಕ್ಕೆ ಆಗುವ ನಷ್ಟಕ್ಕೆ ಕೇಂದ್ರ ಕೊಡುತ್ತಿದ್ದ ಪರಿಹಾರ 2022ರ ಜೂನ್‌ಗೆ ನಿಂತಿತು. ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಆಯೋಗದ ಕಾಲದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಇತ್ತ ಖರ್ಚು ಏರಿದೆ. 2025-26ರ ಬಜೆಟ್ ಗಾತ್ರ 4,09,549 ಕೋಟಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 51,000 ಕೋಟಿ. ಅದೇ ವರ್ಷ ಎತ್ತಲು ಹೊರಟ ಸಾಲ 1,16,000 ಕೋಟಿ.

ಹಾಗಾದರೆ ರಾಜ್ಯ ತನ್ನ ಕೈಯಾರೆ ಏರಿಸಬಹುದಾದದ್ದು ಏನು ಉಳಿಯಿತು? ಪೆಟ್ರೋಲ್ ಡೀಸೆಲ್ ಮೇಲಿನ ಮಾರಾಟ ತೆರಿಗೆ, ಮದ್ಯದ ಅಬಕಾರಿ ಸುಂಕ, ವಾಹನ ತೆರಿಗೆ, ಮುದ್ರಾಂಕ ಮತ್ತು ನೋಂದಣಿ ಶುಲ್ಕ. ಮುಖ್ಯವಾದವು ಇಷ್ಟೇ. ಬೆಲೆ ಏರಿಕೆಯ ಸುದ್ದಿ ಮತ್ತೆ ಮತ್ತೆ ಇವೇ ಕಡೆಯಿಂದ ಬರುವುದಕ್ಕೆ ಕಾರಣ ಇದು.

ಡೀಸೆಲ್ ತೆಗೆದುಕೊಳ್ಳಿ. 2024ರ ಜೂನ್ 15ರಂದು ಮಾರಾಟ ತೆರಿಗೆ ಶೇ 14.34ರಿಂದ 18.44ಕ್ಕೆ ಏರಿತು. ಲೀಟರಿಗೆ ಸುಮಾರು ಮೂರು ರೂಪಾಯಿ ಜಾಸ್ತಿ. 2025ರ ಏಪ್ರಿಲ್ 1ಕ್ಕೆ ಶೇ 21.17 ಆಯಿತು, ಮತ್ತೆ ಎರಡು ರೂಪಾಯಿ. ಎಪಿಎಂಸಿಯಿಂದ ಮೆಕ್ಕೆಜೋಳ ತುಂಬಿಕೊಂಡು ಹೊರಡುವ ಲಾರಿಗೆ 200 ಲೀಟರ್ ಹಾಕಿಸಿದರೆ ಈ ಎರಡು ಏರಿಕೆಯಿಂದಲೇ ಸುಮಾರು 1,000 ರೂಪಾಯಿ ಹೆಚ್ಚು. ಲಾರಿ ಮಾಲೀಕ ಅದನ್ನು ಬಾಡಿಗೆಗೆ ಸೇರಿಸುತ್ತಾನೆ. ಕೊನೆಗೆ ಅದು ಬಂದು ಕೂರುವುದು ರೈತನ ಕೈಗೆ ಸಿಗುವ ರೇಟಿನ ಮೇಲೆ. ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. 2021ರ ನವೆಂಬರ್‌ಗೆ ಮುಂಚೆ ಡೀಸೆಲ್ ಮೇಲಿನ ತೆರಿಗೆ ಶೇ 24 ಇತ್ತು. ಆಗ ಇಳಿಸಿದ್ದನ್ನು ಈಗ ಕಂತಿನಲ್ಲಿ ವಾಪಸ್ ಏರಿಸಿದ್ದಾರೆ.

ಸೈಟು ರಿಜಿಸ್ಟರ್ ಮಾಡಿಸುವವರಿಗೂ ಹೀಗೇ. 30 ಲಕ್ಷದ ಸೈಟಿಗೆ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6, ಅಂದರೆ 1,68,000. ನೋಂದಣಿ ಶುಲ್ಕ ಶೇ 1 ಇದ್ದಾಗ 30,000 ಕಟ್ಟಬೇಕಿತ್ತು. 2025ರ ಆಗಸ್ಟ್ 31ರಿಂದ ಅದು ಶೇ 2 ಆಯಿತು, 60,000. ಅಫಿಡವಿಟ್‌ಗೆ 20 ರೂಪಾಯಿಯ ಛಾಪಾ ಕಾಗದ ಸಾಕಾಗುತ್ತಿದ್ದ ಕಾಲ ಹೋಗಿ 2024ರಿಂದ 100 ರೂಪಾಯಿ ಬೇಕು. ಕೋರ್ಟು, ತಾಲ್ಲೂಕು ಆಫೀಸು ಅಲೆಯುವ ಬಡವರಿಗೆ ಈ ನೂರು ರೂಪಾಯಿ ಲೆಕ್ಕಕ್ಕೆ ಬರುತ್ತದೆ.

ಕೆಲವು ಏರಿಕೆ ತೆರಿಗೆಯೇ ಅಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಅದು ಹಾಲು ಮಹಾಮಂಡಳದ ದರ, ಖಜಾನೆಗೆ ಹೋಗುವುದಿಲ್ಲ. ಅದೇ ವರ್ಷ ಜನವರಿಯಲ್ಲಿ ಶೇ 15 ಏರಿದ ಬಸ್ ದರ ಸಾರಿಗೆ ನಿಗಮದ್ದು. ಕರೆಂಟ್ ಬಿಲ್ಲಿನಲ್ಲಿ ಏಪ್ರಿಲ್‌ನಿಂದ ಸೇರಿದ ಯೂನಿಟ್‌ಗೆ 36 ಪೈಸೆಯ ಸರ್ಚಾರ್ಜ್ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ. ಜೇಬಿಗೆ ಎಲ್ಲವೂ ಒಂದೇ, ನಿಜ. ಆದರೆ ಆಕ್ಷೇಪಣೆ ಸಲ್ಲಿಸುವ ಜಾಗ ಬೇರೆ ಬೇರೆ. ವಿದ್ಯುತ್ ದರ ಪರಿಷ್ಕರಣೆಗೆ ಮುಂಚೆ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ಮಾಡುತ್ತದೆ. ಬೆಸ್ಕಾಂ ಗ್ರಾಹಕರಾದ ದಾವಣಗೆರೆ, ಚಿತ್ರದುರ್ಗದವರೂ ಅಲ್ಲಿ ಮಾತಾಡಬಹುದು.

2025ರ ಜುಲೈನಲ್ಲಿ ಸಣ್ಣ ಅಂಗಡಿಗಳಿಗೆ ಬಂದ ನೋಟಿಸ್ ಈ ಸಿಟ್ಟಿಗೆ ಇನ್ನಷ್ಟು ತುಪ್ಪ ಸುರಿಯಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ತೆಗೆದು, ವರ್ಷಕ್ಕೆ 40 ಲಕ್ಷ ದಾಟಿದ ಬೇಕರಿ, ಬೀಡಾ ಅಂಗಡಿ, ಕಾಂಡಿಮೆಂಟ್ಸ್‌ಗಳಿಗೆ ನೋಟಿಸ್ ಕೊಟ್ಟಿತು. ಪಕ್ಕದ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ಬೇಡಿಕೆ 29 ಲಕ್ಷ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ವಹಿವಾಟು ಎಷ್ಟಾಯಿತು ಅಂತ ಯಂತ್ರ ಹೇಳುತ್ತದೆ. ಏನು ಮಾರಿದರು ಅಂತ ಮನುಷ್ಯ ಹೋಗಿ ನೋಡಬೇಕು. ನೋಡದೇ ನೋಟಿಸ್ ಕಳಿಸಿದ್ದರಿಂದ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ಹಾಕಿ "ಕ್ಯಾಶ್ ಓನ್ಲಿ" ಅಂತ ಬರೆದರು. ಕೊನೆಗೆ ಮುಖ್ಯಮಂತ್ರಿ ವ್ಯಾಪಾರಿಗಳನ್ನು ಕರೆದು ಮಾತಾಡಿ ಸಮಾಧಾನ ಮಾಡಬೇಕಾಯಿತು.

ಇಲ್ಲಿಯವರೆಗೆ ತೆರಿಗೆಯ ಮಾತಾಯಿತು. ಆದರೆ ಜನರಿಗೆ ನಿಜವಾಗಿ ಹೊಟ್ಟೆ ಉರಿಯುವುದು, ಕಟ್ಟಿದ ದುಡ್ಡನ್ನು ಯಾರೋ ಹೊಡೆದರು ಅಂತ ಕೇಳಿದಾಗ. ಅದು ಹೇಗೆ ಸಾಧ್ಯ ಅನ್ನುವುದನ್ನು ವಾಲ್ಮೀಕಿ ನಿಗಮದ ಪ್ರಕರಣ ಸ್ಪಷ್ಟವಾಗಿ ತೋರಿಸುತ್ತದೆ.

ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ದುಡ್ಡು ನಮ್ಮ ಸೀಮೆಗೆ ದೂರದ ವಿಷಯವಲ್ಲ. ಜಗಳೂರು, ಮೊಳಕಾಲ್ಮುರು, ಚಳ್ಳಕೆರೆ ಮೂರೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರಗಳು. ವಾಲ್ಮೀಕಿ ಗುರುಪೀಠ ಇರುವುದು ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ. ಗಂಗಾ ಕಲ್ಯಾಣದಲ್ಲಿ ಬೋರ್‌ವೆಲ್ ಕೊರೆಸಲು, ಸ್ವಯಂ ಉದ್ಯೋಗದ ಸಾಲಕ್ಕೆ, ಭೂ ಒಡೆತನ ಯೋಜನೆಯಲ್ಲಿ ಜಮೀನು ಕೊಡಿಸಲು ಇಟ್ಟ ದುಡ್ಡು ಅದು. ಮಳೆ ಕಡಿಮೆ ಬೀಳುವ ಈ ತಾಲ್ಲೂಕುಗಳಲ್ಲಿ ಒಂದು ಬೋರ್‌ವೆಲ್‌ಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವವರಿದ್ದಾರೆ.

2024ರ ಮೇ 26ರಂದು ನಿಗಮದ ಲೆಕ್ಕ ವಿಭಾಗದ ಅಧಿಕಾರಿಯೊಬ್ಬರು ಶಿವಮೊಗ್ಗದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರು ಬರೆದಿಟ್ಟ ಪತ್ರದಿಂದ ವಿಷಯ ಹೊರಬಂತು. ನಿಗಮದ ಸುಮಾರು 187 ಕೋಟಿಯನ್ನು ಬೆಂಗಳೂರಿನ ಒಂದು ಬ್ಯಾಂಕ್ ಶಾಖೆಯ ಖಾತೆಗೆ ತಂದು, ಅದರಲ್ಲಿ ಸುಮಾರು 89 ಕೋಟಿಯನ್ನು ಹೈದರಾಬಾದ್ ಕಡೆಯ ಬೇರೆ ಬೇರೆ ಖಾತೆಗಳಿಗೆ ಸಾಗಿಸಲಾಗಿತ್ತು ಅನ್ನುವುದು ಆರೋಪ. ಸಚಿವ ಬಿ. ನಾಗೇಂದ್ರ ಜೂನ್ 6ರಂದು ರಾಜೀನಾಮೆ ಕೊಟ್ಟರು, ಜುಲೈನಲ್ಲಿ ಇ.ಡಿ. (ಜಾರಿ ನಿರ್ದೇಶನಾಲಯ) ಅವರನ್ನು ಬಂಧಿಸಿತು. 89 ಕೋಟಿ ಹೋಗಿದೆ ಅನ್ನುವುದನ್ನು ಮುಖ್ಯಮಂತ್ರಿ ವಿಧಾನಸಭೆಯಲ್ಲೇ ಹೇಳಿದರು.

ಅಡಿಕೆ ತೋಟಕ್ಕೆ ಪೈಪ್ ಎಳೆದವರಿಗೆ ಗೊತ್ತು, ನೀರು ಹೆಚ್ಚಾಗಿ ಸೋರುವುದು ಜಾಯಿಂಟ್ ಇರುವ ಕಡೆ. ಸರ್ಕಾರದ ದುಡ್ಡೂ ಹಾಗೇ. ದುಡ್ಡು ರಾಜ್ಯದ ಖಜಾನೆಯಲ್ಲಿ ಇರುವವರೆಗೆ ಪ್ರತಿ ಬಿಲ್ಲೂ 'ಖಜಾನೆ-2' ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಕಾಣುತ್ತದೆ. ಯಾರು ತಯಾರಿಸಿದರು, ಯಾರು ಮಂಜೂರು ಮಾಡಿದರು, ಯಾರ ಖಾತೆಗೆ ಹೋಯಿತು ಎಲ್ಲ ದಾಖಲಾಗುತ್ತದೆ. ಅದೇ ದುಡ್ಡು ನಿಗಮದ ಬ್ಯಾಂಕ್ ಖಾತೆಗೆ ಇಳಿದ ಕ್ಷಣದಿಂದ ಖಜಾನೆಯ ಕಣ್ಣಿನಿಂದ ಆಚೆ ಹೋಗುತ್ತದೆ. ಮಾರ್ಚ್ 31ರೊಳಗೆ ಖರ್ಚಾಗದ ಅನುದಾನ ವಾಪಸ್ ಹೋಗುತ್ತದೆ ಅನ್ನುವ ಭಯಕ್ಕೆ ವರ್ಷದ ಕೊನೆಯಲ್ಲಿ ಕೋಟಿಗಟ್ಟಲೆ ದುಡ್ಡು ಹೀಗೆ ಬ್ಯಾಂಕಿಗೆ ಇಳಿಯುತ್ತದೆ. ಫಲಾನುಭವಿಗಳ ಪಟ್ಟಿ ಇನ್ನೂ ಆಗಿರುವುದಿಲ್ಲ, ದುಡ್ಡು ಮಾತ್ರ ಖಾತೆಯಲ್ಲಿ ಕೂತಿರುತ್ತದೆ. ಇಬ್ಬರ ಸಹಿ, ಒಂದು ಚೆಕ್ ಪುಸ್ತಕ, ಕಣ್ಣುಮುಚ್ಚುವ ಒಬ್ಬ ಬ್ಯಾಂಕ್ ಅಧಿಕಾರಿ ಇದ್ದರೆ ಸಾಕು. ಪ್ರತಿ ತಿಂಗಳು ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿ ಲೆಕ್ಕಪುಸ್ತಕದ ಜೊತೆ ತಾಳೆ ನೋಡುವುದು ಯಾವ ಸಣ್ಣ ಸಹಕಾರ ಸಂಘದಲ್ಲೂ ಮಾಡುವ ಕೆಲಸ. ಅಷ್ಟು ಕಟ್ಟುನಿಟ್ಟಾಗಿ ನಡೆದಿದ್ದರೆ ಇಷ್ಟು ದೊಡ್ಡ ಮೊತ್ತ ಹೊರಗೆ ಹೋಗುವುದು ಕಷ್ಟವಿತ್ತು.

ವಾರ್ಡ್ ಮಟ್ಟದ ಮೋಸ ಬೇರೆ ಥರ. ಕಾಮಗಾರಿ 5 ಲಕ್ಷ ದಾಟದಿದ್ದರೆ ಟೆಂಡರ್ ಕಡ್ಡಾಯವಲ್ಲ. ಹಾಗಾಗಿ 18 ಲಕ್ಷದ ಒಂದು ಚರಂಡಿಯನ್ನು ನಾಲ್ಕು ತುಂಡು ಮಾಡುವ ಆಸೆ ಹುಟ್ಟುತ್ತದೆ. ಒಂದೇ ಚರಂಡಿ ಕಾಗದದಲ್ಲಿ "ಇಂಥವರ ಮನೆಯಿಂದ ಇಂಥವರ ಮನೆವರೆಗೆ" ಅಂತ ನಾಲ್ಕು ಹೆಸರು ಪಡೆಯುತ್ತದೆ. ಕೆಲಸ ಮುಗಿದ ಮೇಲೆ ಎಂಜಿನಿಯರ್ ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ಉದ್ದ, ಅಗಲ, ದಪ್ಪ ಬರೆಯುತ್ತಾರೆ. ಬಿಲ್ ಆಗುವುದು ಆ ಪುಸ್ತಕದ ಮೇಲೆ. ನೆಲದ ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಇದ್ದು ಪುಸ್ತಕದಲ್ಲಿ ಆರು ಇಂಚು ಇದ್ದರೆ, ಎರಡು ಇಂಚಿನ ದುಡ್ಡು ಎಲ್ಲಿಗೋ ಹೋಯಿತು. ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಶೇ 40ರ ಕಮಿಷನ್ ಆರೋಪ ಮಾಡಿತ್ತಲ್ಲ, ಸರ್ಕಾರ ಬದಲಾದ ಮೇಲೂ ಕಮಿಷನ್ ನಿಂತಿಲ್ಲ ಅಂತ ಅದೇ ಸಂಘ ಹೇಳಿತು.

ಸಿಕ್ಕಿಬಿದ್ದ ಮೇಲೆ ಏನಾಗುತ್ತದೆ? 2023ರ ಮಾರ್ಚ್‌ನಲ್ಲಿ ಚನ್ನಗಿರಿಯ ಆಗಿನ ಶಾಸಕ ಮಾಡಾಳ್ ವಿರೂಪಾಕ್ಷಪ್ಪ ಅವರ ಮಗ 40 ಲಕ್ಷ ತೆಗೆದುಕೊಳ್ಳುವಾಗ ಲೋಕಾಯುಕ್ತ ಪೊಲೀಸರು ಹಿಡಿದರು, ಮನೆಯಲ್ಲಿ ಕೋಟಿಗಟ್ಟಲೆ ನಗದು ಸಿಕ್ಕಿತು ಅನ್ನುವುದು ದೇಶದ ತುಂಬ ಸುದ್ದಿಯಾಯಿತು. ಶಾಸಕರ ಬಂಧನವೂ ಆಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅವರ ಮೇಲಿನ ಪ್ರಕರಣವನ್ನು ರದ್ದು ಮಾಡಿತು. ಟಿ.ವಿ.ಯಲ್ಲಿ ಕಂಡ ನೋಟಿನ ಕಂತೆಗೂ ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿಗೂ ಬಹಳ ದೂರ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಬಂದ ತಿದ್ದುಪಡಿ ಪ್ರಕಾರ, ಅಧಿಕಾರಿ ತೆಗೆದುಕೊಂಡ ತೀರ್ಮಾನದ ಬಗ್ಗೆ ತನಿಖೆ ಶುರು ಮಾಡಲೂ ಮೇಲಿನವರ ಅನುಮತಿ ಬೇಕು. ಲಂಚ ತೆಗೆದುಕೊಳ್ಳುವಾಗಲೇ ಹಿಡಿದರೆ ಅದು ಬೇಡ. ವಿಚಾರಣೆಗೆ ಮತ್ತೊಂದು ಅನುಮತಿ. ಕಡತ ಮಲಗುವುದು ಈ ಅನುಮತಿಗಳ ನಡುವೆ.

ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ಲೆಕ್ಕ ಒಂದಿದೆ. ನಾವು ಮನೆ ಕಂದಾಯ ಕಟ್ಟುವುದು ತಡವಾದರೆ ಜೂನ್ ನಂತರ ತಿಂಗಳಿಗೆ ಶೇ 2 ದಂಡ. ವರ್ಷಕ್ಕೆ ಶೇ 24. ಅದಕ್ಕೆ ಯಾರೂ ಅರ್ಜಿ ಕೊಡಬೇಕಾಗಿಲ್ಲ, ಕಂಪ್ಯೂಟರ್ ತಾನೇ ಸೇರಿಸುತ್ತದೆ. ಅದೇ ಆಫೀಸು ನಮ್ಮ ಖಾತೆ ಬದಲಾವಣೆಯನ್ನು ತಡ ಮಾಡಿದರೆ? ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಅನ್ನುವ ಸಕಾಲ ಕಾಯ್ದೆ ಪ್ರಕಾರ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500 ರೂಪಾಯಿ. 25 ದಿನಕ್ಕೆ ಮುಗಿಯಿತು. ಆರು ತಿಂಗಳು ಅಲೆಸಿದರೂ ಅಷ್ಟೇ. ಅದೂ ತಾನಾಗಿ ಬರುವುದಿಲ್ಲ, ನಾವೇ ಹೋಗಿ ಕೇಳಬೇಕು. ತೆರಿಗೆ ಏರುವುದನ್ನು ಕಾಯ್ದೆಯಲ್ಲೇ ಬರೆದಿಟ್ಟಿದ್ದಾರೆ. ಲೆಕ್ಕ ಒಪ್ಪಿಸುವುದನ್ನು ನಾವು ಕೇಳಿದರೆ ಮಾತ್ರ ಅನ್ನುವ ಹಾಗೆ ಬಿಟ್ಟಿದ್ದಾರೆ. ಜನರ ಹತಾಶೆಯ ಬೇರು ಇಲ್ಲಿದೆ ಅಂತ ನಾನು ನಂಬುತ್ತೇನೆ. ತೆರಿಗೆಯ ಮೊತ್ತಕ್ಕಿಂತ ಈ ಅಸಮತೋಲ ಜಾಸ್ತಿ ನೋಯಿಸುತ್ತದೆ.

ಕೇಳಲು ಇರಬೇಕಾದ ಜನಪ್ರತಿನಿಧಿಯೂ ಎಷ್ಟೋ ಸಲ ಇರುವುದಿಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು, 2021ಕ್ಕೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ.

ಹಾಗಾಗಿ ಸದ್ಯಕ್ಕೆ ಕೈಯಲ್ಲಿರುವ ಸಲಕರಣೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. "ಭ್ರಷ್ಟಾಚಾರದ ಬಗ್ಗೆ ಮಾಹಿತಿ ಕೊಡಿ" ಅಂತ ಕೇಳಿದರೆ ಏನೂ ಸಿಗುವುದಿಲ್ಲ. ಹೀಗೆ ಕೇಳಿ: "ನಮ್ಮ ವಾರ್ಡಿನ ಇಂಥ ಅಡ್ಡರಸ್ತೆಯ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿಸಿದ ಬಿಲ್ಲಿನ ದೃಢೀಕೃತ ಪ್ರತಿ ಕೊಡಿ." ಗ್ರಂಥಾಲಯ ಕರದ ಬಗ್ಗೆ ಬೇರೆ ಅರ್ಜಿ ಹಾಕಿ: "ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ವಸೂಲಾದ ಮೊತ್ತ, ಪಾವತಿಸಿದ ಮೊತ್ತ, ಬಾಕಿ." ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲಿ ಹೆಚ್ಚು ಜನ ಬಳಸದ ಒಂದು ಹಕ್ಕಿದೆ. ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಕೇಳಿ ಪಡೆಯಬಹುದು. ಅಳತೆ ಪುಸ್ತಕದ ಪ್ರತಿ ಕೈಯಲ್ಲಿ ಹಿಡಿದು ಓಣಿಯವರೆಲ್ಲ ಸೇರಿ ಟೇಪ್ ಹಿಡಿದರೆ ಅರ್ಧ ಗಂಟೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಉತ್ತರಕ್ಕೆ 30 ದಿನ ಗಡುವು. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗಕ್ಕೆ ಎರಡನೆಯದು. ಅಳತೆಯಲ್ಲಿ ವ್ಯತ್ಯಾಸ ಸಿಕ್ಕರೆ ಆ ದಾಖಲೆಗಳನ್ನೇ ಲಗತ್ತಿಸಿ ಲೋಕಾಯುಕ್ತಕ್ಕೆ ದೂರು ಕೊಡಬಹುದು. ಎರಡೂ ಜಿಲ್ಲೆಯಲ್ಲಿ ಲೋಕಾಯುಕ್ತ ಪೊಲೀಸ್ ಠಾಣೆ ಇದೆ. ದೂರಿನ ಜೊತೆ ಅಫಿಡವಿಟ್ ಕೇಳುತ್ತಾರೆ. ಇನ್ನು ಪಾಲಿಕೆ, ನಗರಸಭೆಗಳು ಮಾರ್ಚ್‌ಗೆ ಮುಂಚೆ ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತವೆ, ಸಾರ್ವಜನಿಕರೂ ಹೋಗಬಹುದು. ಹೋಗುವಾಗ ಹೋದ ವರ್ಷದ ಬಜೆಟ್ ಪ್ರತಿ ಮತ್ತು ನಿಮ್ಮ ಕಂದಾಯದ ರಸೀದಿ ಜೊತೆಗಿರಲಿ.